ಮಂಗ ಸತ್ತ ಸುದ್ದಿ

ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಎದ್ದು ಕೂತು ಕೇಳುವ ಪ್ರಶ್ನೆ ಮೂರೇ: ಯಾವಾಗ ಶುರುವಾಯ್ತು, ಎಲ್ಲೆಲ್ಲಿ ಆಗಿದೆ, ಅದಕ್ಕೆ ಮುಂಚೆ ಏನು ಬದಲಾಯ್ತು? ಇದೇ ಮೂರು ಪ್ರಶ್ನೆ ಹಿಡಿದುಕೊಂಡು ಸಾಂಕ್ರಾಮಿಕ ರೋಗಗಳ ಹಿಂದೆ ದೇಶ ದೇಶ ತಿರುಗುವ ಡಾಕ್ಟರುಗಳಿದ್ದಾರೆ. ಅಂಥವರಲ್ಲಿ ಒಬ್ಬರು ಅಮೆರಿಕದ ಟೆಲ್ಫರ್ಡ್ ವರ್ಕ್. ಅವರ ಬಗ್ಗೆ ನಾನು ಹುಡುಕಿ ಓದಿದ್ದು ನಮ್ಮೂರಿನ ದೆಸೆಯಿಂದ.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಪಕ್ಕದ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಕಾಡು. 1957ರಲ್ಲಿ ಅಲ್ಲಿ ಮಂಗ, ಮುಸುವಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಯವರು ಜ್ವರ ಬಂದು ಮಲಗಿದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋಯ್ತು. ಆಗ ಅದರ ನಿರ್ದೇಶಕರು ಈ ವರ್ಕ್. ಅದಕ್ಕೂ ಮೊದಲು ಈಜಿಪ್ಟಿನಲ್ಲಿ ಕೈರೋ ಬಳಿಯ ಹಳ್ಳಿಗಳಲ್ಲಿ ವೆಸ್ಟ್ ನೈಲ್ ವೈರಸ್ಸಿನ ಬೆನ್ನು ಹತ್ತಿದ್ದವರು.

ಮೊದಲು ಬಂದ ಅನುಮಾನ ಯೆಲ್ಲೋ ಫೀವರ್. ದಕ್ಷಿಣ ಅಮೆರಿಕದಲ್ಲಿ ಕಾಡಿನ ಮಂಗಗಳು ಸತ್ತರೆ ಆ ಜ್ವರ ಬಂತು ಅಂತಲೇ ಲೆಕ್ಕ. ಏಷ್ಯಾದಲ್ಲಿ ಅದು ಕಾಲಿಟ್ಟಿರಲಿಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿತ್ತು. ಅವರಿಗೆ ಎಷ್ಟು ಗಾಬರಿಯಾಗಿರಬೇಕು ಯೋಚಿಸಿ. ಆದರೆ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ. ಜ್ವರ ಬಂದಿದ್ದು ಒಣಗಿದ ಬೇಸಿಗೆಯಲ್ಲಿ, ಸೊಳ್ಳೆ ಕಡಿಮೆ ಇರುವಾಗ. ಹಾಗಾದ್ರೆ ಆ ಕಾಲದಲ್ಲಿ ಕಾಡಿನಲ್ಲಿ ಯಾವುದು ಜಾಸ್ತಿ? ದರಕು ಗುಡಿಸುವ ಯಾವ ಹೆಂಗಸನ್ನು ಕೇಳಿದ್ರೂ ಹೇಳ್ತಾರೆ, ಉಣುಗು. ಉಣುಗು ಹಿಡಿದು ಪರೀಕ್ಷೆ ಮಾಡಿದರು, ವೈರಸ್ ಸಿಕ್ಕಿತು. ಹೊಸ ವೈರಸ್ಸು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದಲೇ ಬರುವ ಇನ್ನೊಂದು ಜ್ವರದ ದಾಯಾದಿ.

ಹಾಗಾಗಿ ಸೈಬೀರಿಯಾದಿಂದ ಬರುವ ಹಕ್ಕಿಗಳೇ ಇದನ್ನು ಹೊತ್ತು ತಂದವೇನೋ ಅಂತ ಗುಮಾನಿ ಎದ್ದಿತು. ಸಲೀಂ ಅಲಿಯವರ ಬಳಗಕ್ಕೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಲು ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ನಮ್ಮ ಕಡೆಯ ಜ್ವರದಿಂದ ದೇಶದ ಹಕ್ಕಿಗಳ ಲೆಕ್ಕ ಸಿಕ್ಕಿತು, ಅಷ್ಟೇ.

ವರ್ಕ್ ಆಮೇಲೆ ಅಮೆರಿಕಕ್ಕೆ ಮರಳಿ ಅಟ್ಲಾಂಟಾದ ಸಿಡಿಸಿ ಸೇರಿದರು, ಅಲ್ಲಿಂದ ಲಾಸ್ ಏಂಜಲಿಸ್‌ನಲ್ಲಿ ಮೇಷ್ಟರಾದರು. ಅವರ ಕೆಲಸವೇ ಹಾಗೆ, ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಹೋಗಬೇಕು. ಕಾಯಿಲೆ ಮಾತ್ರ ಇಲ್ಲೇ ಉಳೀತು. ಈಗ ಎಬೋಲಾ ಇಡುವಂಥ ಬಿಗಿ ಲ್ಯಾಬಿನಲ್ಲೇ ಈ ವೈರಸ್ಸನ್ನೂ ಇಡಬೇಕಂತೆ. ಒಳಗೆ ಹೋಗುವವರು ಗಾಳಿಕೊಳವೆ ಸಿಕ್ಕಿಸಿದ ಸೂಟು ಹಾಕ್ಕೋಬೇಕು. ನಮ್ಮಮ್ಮ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಸೊಪ್ಪಿನ ಬೆಟ್ಟಕ್ಕೆ ಹೋಗ್ತಾಳೆ.

ಒಂದು ವಿಷಯ ನಾನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಐದನೇ ಕ್ಲಾಸಿನಲ್ಲಿ ಶಾಲೆ ತಪ್ಪಿಸಿ ಕವಳಿಹಣ್ಣಿಗೆ ಹೋದಾಗ ಬೆಟ್ಟದಲ್ಲಿ ಒಂದು ಸತ್ತ ಮಂಗ ನೋಡಿದ್ವಿ. ಕೋಲಿನಿಂದ ತಿವಿದು ಓಡಿ ಬಂದ್ವಿ. ಹೇಳಿದ್ರೆ ಶಾಲೆ ತಪ್ಪಿಸಿದ್ದು ಗೊತ್ತಾಗುತ್ತಲ್ಲ, ಬಾಯಿ ಬಿಡಲಿಲ್ಲ. ಮಂಗ ಸತ್ತರೆ ಅದರ ಮೈಮೇಲಿನ ಉಣುಗೆಲ್ಲ ಇಳಿದು ಸುತ್ತಲಿನ ದರಕಿನಲ್ಲಿ ಹರಡ್ತವೆ. ಅದಕ್ಕೇ ಸುದ್ದಿ ಮುಟ್ಟಿದ ಕೂಡಲೇ ಆ ಜಾಗದ ಸುತ್ತ ಪುಡಿ ಹೊಡೀತಾರೆ. ಅದು ನನಗೆ ಗೊತ್ತಾಗಿದ್ದು ಬಿಇ ಮುಗಿದು ಎಷ್ಟೋ ವರ್ಷದ ಮೇಲೆ. ಆ ಬೇಸಿಗೆಯಲ್ಲಿ ನಮ್ಮ ಕೊಟ್ಟಿಗೆ ಕೆಲಸಕ್ಕೆ ಬರ್ತಿದ್ದ ಅಕ್ಕ ಹದಿನೈದು ದಿನ ಜ್ವರದಲ್ಲಿ ನರಳಿ ತೀರಿಕೊಂಡರು. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ, ಹೇಳುವವರಿಲ್ಲ. ಯಾವಾಗ, ಎಲ್ಲಿ ಅಂತ ಯಾರಾದರೂ ಕೇಳಿದ್ದರೆ ಉತ್ತರ ನನ್ನ ಹತ್ತಿರ ಇತ್ತು.

ಕಳೆದ ಫೆಬ್ರವರಿಯಲ್ಲಿ ಅಮ್ಮ ಫೋನಿನಲ್ಲಿ ಅಡಿಕೆ ರೇಟು, ಮದುವೆ ಸುದ್ದಿ ಎಲ್ಲ ಹೇಳಿ, "ಬೆಟ್ಟದ ತುದೀಲಿ ಒಂದು ಮಂಗ ಸತ್ತು ಬಿದ್ದಿದೆ ಮಾರಾಯ" ಅಂದಳು.

"ಆಶಾ ಕಾರ್ಯಕರ್ತೆಗೆ ಹೇಳಿದ್ಯಾ?"

"ಹೇಳಿದ್ರೆ ಬೆಟ್ಟಕ್ಕೇ ಹೋಗ್ಬೇಡಿ ಅಂತಾರೆ. ದನದ ಕಾಲಡಿ ಹಾಸೋದು ಏನನ್ನ? ನೀನು ಬೆಂಗಳೂರಿಂದ ಕಳಿಸ್ತೀಯಾ?"

ಫೋನಿಟ್ಟೆ. ರಾತ್ರಿ ಹತ್ತಾಗಿತ್ತು. ಆಶಾ ಕಾರ್ಯಕರ್ತೆಯ ನಂಬರ್ ಹುಡುಕಿ, ಎಬ್ಬಿಸಿ, ಯಾವ ಬೆಟ್ಟ, ಯಾವ ಮರದ ಹತ್ತಿರ ಅಂತ ಹೇಳಿದೆ. ಮಾರನೇ ದಿನ ಪುಡಿ ಹೊಡೆಯುವವರು ಬಂದರಂತೆ. ಅಮ್ಮ ಮೂರು ದಿನ ನನ್ನ ಫೋನ್ ಎತ್ತಲಿಲ್ಲ.