ಬರುವ ಅಂಚೆ, ಹೋಗದ ಅಂಚೆ

ಇಮ್ಯಾಕ್ಸ್ 1976ರಲ್ಲಿ ಹುಟ್ಟಿದ್ದು ಪಠ್ಯ ತಿದ್ದುವುದಕ್ಕೆ. ಅದರೊಳಗೇ ಕೂತು ಇಮೇಲ್ ಓದುವ ಕೆಲವರಲ್ಲಿ ನಾನೂ ಒಬ್ಬ. ಒಂದೊಂದು ಪತ್ರವೂ ಒಂದೊಂದು ಕಡತವಾಗಿ ನನ್ನ ಡಿಸ್ಕಿನಲ್ಲೇ ಉಳಿಯುತ್ತದೆ ಅನ್ನುವುದೇ ಇದಕ್ಕೆ ಕಾರಣ. ಹೊರಗಿನಿಂದ ಒಂದೇ ತಂತ್ರಾಂಶದಂತೆ ಕಂಡರೂ ಒಳಗೆ ಮೂರು ಆಳುಗಳಿವೆ. ಎಂಬಿಸಿಂಕ್ ಪತ್ರ ತರುತ್ತದೆ, ಮ್ಯು ಅವುಗಳ ಸೂಚಿ ಕಟ್ಟುತ್ತದೆ, ಎಸ್‌ಎಂಟಿಪಿಮೇಲ್ ಕಳಿಸುತ್ತದೆ. ಕೆಟ್ಟಾಗ ಮೊದಲು ಕೇಳಬೇಕಾದ್ದು, ಮೂರರಲ್ಲಿ ಯಾವುದು ನಿಂತಿದೆ ಅಂತ.

ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿಗೆ ಹೊಸ ಇಂಟರ್ನೆಟ್ ಲೈನ್ ಬಂದ ವಾರ, ಶಿರಸಿಯಿಂದ ಅಣ್ಣ ಊರಮನೆ ಮಾರುವ ಬಗ್ಗೆ ಬರೆದಿದ್ದ. ಫೋನಿನಲ್ಲಾದರೆ ಇಬ್ಬರ ದನಿಯೂ ಏರುತ್ತದೆ. ಅದಕ್ಕೇ ಈ ವಿಷಯ ಬರವಣಿಗೆಯಲ್ಲೇ ಇರಲಿ ಅಂತ ಮಾತಾಗಿತ್ತು. ಎರಡು ಪುಟ ಉತ್ತರ ಬರೆದು ಕಳಿಸಹೋದರೆ ಇಮ್ಯಾಕ್ಸ್ ಸ್ತಬ್ಧ. ಅಣ್ಣನ ಪತ್ರಗಳು ಮಾತ್ರ ಬರುತ್ತಲೇ ಇದ್ದವು. ಮೂರನೆಯದರಲ್ಲಿ ಇದ್ದದ್ದು ಒಂದೇ ಸಾಲು: “ಸಿಟ್ಟು ಬಂತಾ?”

ಕಳಿಸುವ ಸರ್ವರ್ ಉತ್ತರ ಕೊಡುವುದು ಮೂರಂಕಿಯ ಸಂಖ್ಯೆಯಲ್ಲಿ. 2ರಿಂದ ಶುರುವಾದರೆ ಸರಿ, 4 ಅಂದರೆ ಆಮೇಲೆ ಬಾ, 5 ಅಂದರೆ ಆಗದು. ಪಾಸ್‌ವರ್ಡ್ ಒಪ್ಪಿಗೆಯಾಗದಿದ್ದರೆ 535. ನನಗೆ ಯಾವ ಸಂಖ್ಯೆಯೂ ಬಂದಿರಲಿಲ್ಲ. ಅಂದರೆ ಸರ್ವರ್ ‘ಇಲ್ಲ’ ಅಂದಿರಲಿಲ್ಲ. ನನ್ನ ಮಾತು ಅಲ್ಲಿಗೆ ಮುಟ್ಟಿಯೇ ಇರಲಿಲ್ಲ. ಫೋನಿನ ಹಾಟ್‌ಸ್ಪಾಟಿಗೆ ಬದಲಾಯಿಸಿದೆ. ಪತ್ರದ ತಲೆಯಲ್ಲಿ “ಸಿಟ್ಟಿಲ್ಲ ಅಣ್ಣಾ, ಪತ್ರ ಹೋಗ್ತಿರಲಿಲ್ಲ” ಅಂತ ಸೇರಿಸಿ ಕಳಿಸಿದೆ. ಕ್ಷಣದಲ್ಲಿ ಹೋಯಿತು. ಹೊಸ ಲೈನು ಪತ್ರ ತರುವ 993ನೇ ಪೋರ್ಟನ್ನು ಬಿಟ್ಟು, ಕಳಿಸುವ 587ನ್ನು ತಡೆದಿತ್ತು.

ದಿನಾ ಹಾಟ್‌ಸ್ಪಾಟ್ ಹಚ್ಚಲಾಗದು. ಇನ್ನೊಂದು ದಾರಿ 465ನೇ ಪೋರ್ಟ್. 2018ರ ಆರ್‌ಎಫ್‌ಸಿ 8314ರ ಒಲವೂ ಅದರ ಕಡೆಗೇ. ಆದರೆ ಸಂಖ್ಯೆ ಬದಲಿಸಿದರಷ್ಟೇ ಸಾಲದು. 587ರಲ್ಲಿ ಮಾತು ಬಯಲಲ್ಲೇ ಶುರುವಾಗಿ ಆಮೇಲೆ ಗೂಢಲಿಪಿಗೆ ಹೊರಳುತ್ತದೆ, 465ರಲ್ಲಿ ಮೊದಲಿನಿಂದಲೇ ಗೂಢ. ಹಾಗಾಗಿ ಸ್ಟ್ರೀಮ್-ಟೈಪ್ ಅನ್ನು ‘ಸ್ಟಾರ್ಟ್‌ಟಿಎಲ್‌ಎಸ್’ನಿಂದ ‘ಎಸ್‌ಎಸ್‌ಎಲ್’ಗೆ ಬದಲಿಸಬೇಕು. ಪಾಸ್‌ವರ್ಡ್ ಇಟ್ಟಿರುವ ಆಥ್‌ಇನ್ಫೋ ಕಡತದಲ್ಲಿ ಪೋರ್ಟ್ ಬರೆದಿದ್ದರೆ ಅಲ್ಲೂ 465 ಆಗಬೇಕು; ಇಲ್ಲದಿದ್ದರೆ ಇಮ್ಯಾಕ್ಸಿಗೆ ಆ ಸಾಲು ಸಿಗುವುದಿಲ್ಲ. ಮೂರನ್ನೂ ಒಟ್ಟಿಗೆ ಬದಲಿಸಿದ ಮೇಲೆ ಮನೆಯ ಲೈನಿನಲ್ಲೂ ಪತ್ರ ಹೋಗತೊಡಗಿತು.

ಊರಮನೆಯ ವಿಷಯ ಇನ್ನೂ ಬಗೆಹರಿದಿಲ್ಲ. ಅಣ್ಣ ಹೇಳಿದ ಬೆಲೆಗೆ ನಾನು ಒಪ್ಪಿಲ್ಲ, ಅದನ್ನು ಬರೆದೂ ಆಗಿದೆ. ಈಗ ಅವನ ಕೈಯಲ್ಲಿರುವುದು ನನ್ನ ಅಸಮ್ಮತಿ, ನನ್ನ ಮೌನವಲ್ಲ. ನಿಮ್ಮ ಪತ್ರವೂ ಹೋಗದೆ ನಿಂತರೆ, ಕಡತ ತಿದ್ದುವ ಮೊದಲು ಸಂಖ್ಯೆಯೇನಾದರೂ ಬಂದಿದೆಯಾ ನೋಡಿ.