ಗೇಟಿನ ಪೈಂಟು, ಬಾವಿಯ ಜಾಲರಿ, 90 ದಿನದ ಲೆಕ್ಕ

ಮೇ ತಿಂಗಳು ಬಂತೆಂದರೆ ನಮ್ಮ ಪೆರ್ಡೂರಿನ ಕಾಲೊನಿ ಹುಡುಗರಿಗೆ ಕೈತುಂಬ ಪೈಂಟಿಂಗ್ ಕೆಲಸ. ಮಳೆ ಹಿಡಿಯಿತೋ, ಸೀಸನ್ ಮುಗಿಯಿತು. ಹಾಗಾಗಿ ಎಲ್ಲರಿಗೂ ಅದೇ ಹದಿನೈದು ದಿನದಲ್ಲಿ ಆಗಬೇಕು: ಗೇಟು, ಕಿಟಕಿಯ ಸರಳು, ಶೀಟಿನ ಕಂಬ, ಬಾವಿಯ ಜಾಲರಿ. ಮೊನ್ನೆಯಿಂದ ಮೂರು ನಾಲ್ಕು ಮಂದಿ ಮೆಸೇಜ್ ಹಾಕಿ ಕೇಳಿದ್ದಾರೆ, "ಅಣ್ಣಾ, ಪೈಂಟ್ ಎದ್ದಲ್ಲಿ ಮಾತ್ರ ಹಚ್ಚಿದ್ರೆ ಸಾಕಾ? ಪೂರ್ತಿ ಕೆರೀಬೇಕಾ?" ಸಭೆ, ಧರಣಿ, ಡಿಸಿ ಮನ್ನಾ ಭೂಮಿ ಅಂತ ಬರೆಯುವವನನ್ನು ಇದನ್ನೆಲ್ಲ ಯಾಕೆ ಕೇಳ್ತಾರೆ ಅಂತ ಹೊಸಬರಿಗೆ ಅನ್ನಿಸಬಹುದು. ಪಿಯುಸಿ ಮುಗಿದ ಮೇಲೆ ಏಳು ಸೀಸನ್ ನಾನು ತಮ್ಮಲೆಯೊಟ್ಟಿಗೆ, ಅಂದರೆ ಅಮ್ಮನ ಅಣ್ಣನೊಟ್ಟಿಗೆ, ಇದೇ ಕೆಲಸ ಮಾಡಿದವ. ನನ್ನ ಡಿಗ್ರಿಯ ಫೀಸು ಕಟ್ಟಿದ್ದು ರೆಡ್ ಆಕ್ಸೈಡ್.

ಮೊದಲು ಪ್ರಶ್ನೆಗೆ ಉತ್ತರ. ಪೂರ್ತಿ ಕೆರೆಯಬೇಕಂತ ಇಲ್ಲ. ಆದರೆ ಎದ್ದ ಜಾಗಕ್ಕೆ ಸೀದಾ ಬಣ್ಣ ಬಳಿದರೆ ದೀಪಾವಳಿಯೊಳಗೆ ಮತ್ತೆ ಎದ್ದು ಬರುತ್ತದೆ. ನಮ್ಮಲ್ಲಿ ವರ್ಷಕ್ಕೆ 4000 ಮಿ.ಮೀ.ಗೂ ಹೆಚ್ಚು ಮಳೆ, ಅದರ ಮೇಲೆ ಸಮುದ್ರದ ಉಪ್ಪುಗಾಳಿ. ಪೈಂಟಿನಲ್ಲಿ ಉಗುರಿನಷ್ಟು ಚಕ್ಕೆ ಹೋದರೂ ನೀರು ಅಲ್ಲಿಂದ ಒಳಗೆ ಹೋಗಿ ಪೈಂಟಿನ ಅಡಿಯಲ್ಲೇ ಹರಡುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಮೇಲಿನ ಒಳ್ಳೆಯ ಪೈಂಟನ್ನೂ ಎತ್ತಿ ಹಾಕುತ್ತದೆ. ಕಣ್ಣಿಗೆ ಕಾಣುವುದು ಎಂಟಾಣೆಯಗಲ, ಒಳಗೆ ಇರುವುದು ಅಂಗೈಯಗಲ. ಇದನ್ನು ಜಾತಿಗೆ ಹೋಲಿಸಿ ಒಂದು ಭಾಷಣ ಮಾಡಬಹುದು. ಈಗ ಬೇಡ, ಗೇಟಿನ ಕೆಲಸ ಮೊದಲು ಆಗಲಿ.

ಸ್ಕ್ರೇಪರ್ ಹಿಡಿದು ಎದ್ದ ಅಂಚಿನಿಂದ ಶುರು ಮಾಡಿ. ಪೈಂಟು ಗಟ್ಟಿಯಾಗಿ ಹಿಡಿದುಕೊಂಡ ಜಾಗ ಸಿಗುವವರೆಗೆ ಕೆರೆಯುತ್ತಾ ಹೋಗಿ. ತಮ್ಮಲೆ ಹೆಬ್ಬೆರಳಿನ ಉಗುರಿನಲ್ಲಿ ಒತ್ತಿ ನೋಡುತ್ತಿದ್ದರು. ಆಮೇಲೆ ವಯರ್ ಬ್ರಷ್, ಆಮೇಲೆ 80 ನಂಬರಿನ ಎಮರಿ, ಕೊನೆಗೆ 220. ಹಳೆ ಪೈಂಟಿನ ಅಂಚು ಮೆಟ್ಟಿಲಿನಂತೆ ನಿಲ್ಲಬಾರದು. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಎಲ್ಲಿ ಪೈಂಟು ಮುಗಿದು ಎಲ್ಲಿ ಕಬ್ಬಿಣ ಶುರುವಾಯಿತು ಅಂತ ಗೊತ್ತಾಗಬಾರದು. ಥಿನ್ನರ್ ಬಟ್ಟೆಯಲ್ಲಿ ಒರೆಸಿ ಅದೇ ದಿನ ಪ್ರೈಮರ್. ನಾಳೆ ಅಂತ ಬಿಟ್ಟರೆ ನಮ್ಮ ಗಾಳಿಗೆ ರಾತ್ರಿಯೊಳಗೆ ಕೆಂಪು ಕಾಣುತ್ತದೆ. ಪ್ರೈಮರ್ ಒಣಗಿದ ಮೇಲೆ ತೆಳುವಾಗಿ ಎರಡು ಕೋಟು ಎನಾಮಲ್. ದಪ್ಪ ಒಂದು ಕೋಟು ಹೊಡೆದು ಕೈ ತೊಳೆದುಕೊಳ್ಳುವವರು ಉಂಟು, ಅದು ಮೇಲೆ ಒಣಗಿ ಒಳಗೆ ಹಸಿ ಇರುತ್ತದೆ.

ಜಿ.ಐ. ಪೈಪಿನದ್ದು ಬೇರೆ ಕಥೆ. ಅದರ ಮೇಲಿರುವುದು ಸತುವಿನ ಲೇಪ. ಸಣ್ಣ ಗೀರಾದರೆ ಸುತ್ತಲಿನ ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ, ನೀವು ಗಡಿಬಿಡಿ ಮಾಡಬೇಕಾಗಿಲ್ಲ. ವೆಲ್ಡಿಂಗ್ ಮಾಡಿ ಲೇಪ ಸುಟ್ಟುಹೋದ ಜಾಗಕ್ಕೆ ಮಾತ್ರ ಸತುವಿನ ಪುಡಿ ಹೆಚ್ಚಿರುವ ಪೈಂಟು ಬೇಕು. ಸತುವಿನ ಮೇಲೆ ನೇರವಾಗಿ ಎನಾಮಲ್ ಬಳಿಯಬೇಡಿ. ಪೈಂಟಿನ ಎಣ್ಣೆಯೂ ಸತುವೂ ಸೇರಿ ಅಡಿಯಲ್ಲಿ ಸಾಬೂನಿನಂತಾಗಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಇಷ್ಟು ಕೆಲಸದ್ದು. ಇನ್ನು ಕೆಲಸಗಾರನದ್ದು.

ಒಂದು ದೊಡ್ಡ ಮನೆಯಲ್ಲಿ ಬಾವಿಯ ಜಾಲರಿಗೆ ಪೈಂಟ್ ಮಾಡಲು ಹೋಗಿದ್ದೆವು. ಯಾರ ಮನೆ ಅಂತ ಬೇಡ. ಬೆಳಗ್ಗೆಯಿಂದ ಬಾವಿಕಟ್ಟೆ ಹತ್ತಿ ಕೂತು ಕೆರೆದಿದ್ದೇವೆ, ಜಾಲರಿಯ ಒಂದೊಂದು ಸರಳನ್ನೂ ಮುಟ್ಟಿದ್ದೇವೆ. ಮಧ್ಯಾಹ್ನ ಬಾಯಾರಿಕೆಯಾಗಿ ತಮ್ಮಲೆ ಹಗ್ಗಕ್ಕೆ ಕೈ ಹಾಕಿದ್ದು. "ನಿಲ್ಲು ಮಾರಾಯ, ನಾನು ಸೇದಿ ಕೊಡ್ತೇನೆ" ಅಂತ ಯಜಮಾನರು ಒಳಗಿನಿಂದ ಓಡಿ ಬಂದರು. ಸೇದಿ, ದನದ ಹಟ್ಟಿಯ ಗೋಡೆಯ ಮೇಲಿದ್ದ ಎನಾಮಲ್ ಲೋಟಕ್ಕೆ ಮೇಲಿನಿಂದ ಸುರಿದರು. ಲೋಟದ ಬಾಯಿಯ ಸುತ್ತ ಚಕ್ಕೆ ಹೋಗಿ ಕಪ್ಪಾಗಿತ್ತು. ಅದು ನಮಗೆಂದೇ ಇಟ್ಟದ್ದು ಅಂತ ಕೇಳಿ ತಿಳಿಯಬೇಕಾಗಿರಲಿಲ್ಲ. ತಮ್ಮಲೆ ಕುಡಿಯದೆ ಲೋಟವನ್ನು ತಿರುಗಿಸಿ ನೋಡಿ, "ಧನೀ, ಇದಕ್ಕೆ ರಿಪೇರಿ ಇಲ್ಲ. ಇದು ಬಣ್ಣ ಅಲ್ಲ, ಕಬ್ಬಿಣದ ಮೇಲೆ ಗಾಜು ಕರಗಿಸಿ ಹಿಡಿಸಿದ್ದು. ಬಿಸಾಡಿಬಿಡಿ" ಎಂದರು. ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ಸಂಜೆಯವರೆಗೆ ನೀರು ಕುಡಿಯದೆ ಕೆಲಸ ಮುಗಿಸಿ ಬಂದೆವು. ಅಂದ ಹಾಗೆ, ಅವರು ಹೇಳಿದ್ದು ಸರಿ. ಎನಾಮಲ್ ಪಾತ್ರೆಯ ಲೇಪ ಸುಮಾರು 800 ಡಿಗ್ರಿಯ ಕುಲುಮೆಯಲ್ಲಿ ಕೂರುವಂಥದ್ದು. ಉಣ್ಣುವ, ಕುಡಿಯುವ ಪಾತ್ರೆಗೆ ಅಂಗಡಿಯ ಪೈಂಟು ಹಚ್ಚಲೇಬೇಡಿ.

ಅವಮಾನ ಕಣ್ಣಿಗೆ ಕಾಣುತ್ತದೆ. ಕಾಣದ್ದು ಪುಡಿ. ಕಬ್ಬಿಣಕ್ಕೆ ಹಿಂದಿನಿಂದಲೂ ಹಚ್ಚುತ್ತಿದ್ದ ಕಿತ್ತಳೆ ಕೆಂಪು ಪ್ರೈಮರ್ ಅಂದರೆ ಸೀಸದ ಸಿಂಧೂರ. ಮೇಲಿನ ಹಳದಿ, ಹಸಿರು ಬಣ್ಣಗಳಲ್ಲೂ ಸೀಸ ಇರುತ್ತಿತ್ತು. ಕೇಂದ್ರ ಸರ್ಕಾರದ 2016ರ ನಿಯಮ ಬಂದು, 2017ರ ನವೆಂಬರ್ 1ರಿಂದ ಮನೆಗೆ ಬಳಸುವ ಪೈಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದು ಎಂದಾಯಿತು. ಸರಿ, ಹೊಸ ಡಬ್ಬಿಗೆ ಆಯಿತು. ನಾವು ಕೆರೆಯುವುದು ಹಳೇ ಗೇಟನ್ನಲ್ವಾ? ಕೆರೆದ ಪುಡಿ ಮೂಗಿಗೆ ಹೋಗುತ್ತದೆ, ಅಂಗಿಯಲ್ಲಿ ಕೂತು ಮನೆಗೆ ಬರುತ್ತದೆ. ಅಪ್ಪ ಬಂದ ಅಂತ ಮಗು ಓಡಿ ಬಂದು ಅಪ್ಪಿಕೊಳ್ಳುವುದು ಅದೇ ಅಂಗಿಯನ್ನು. ಸೀಸ ಹೆಚ್ಚು ಹಾಳು ಮಾಡುವುದು ಸಣ್ಣ ಮಕ್ಕಳ ಮಿದುಳನ್ನು. ಡಬ್ಬಿಯ ಮೇಲೆ ಜಿಂಕ್ ಕ್ರೋಮ್ ಅಂತ ಇದ್ದರೆ ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಜಿಂಕ್ ಫಾಸ್ಫೇಟ್ ಪ್ರೈಮರ್ ಸಿಗುತ್ತದೆ, ಅದನ್ನು ಕೇಳಿ ತನ್ನಿ.

ತಮ್ಮಲೆ ಮೂವತ್ತು ವರ್ಷ ಮೂಗಿಗೆ ಬೈರಾಸು ಕಟ್ಟಿಕೊಂಡೇ ಕೆಲಸ ಮಾಡಿದರು. ಈಗ ಮನೆಯಿಂದ ರಸ್ತೆಗೆ ಬರುವಷ್ಟರಲ್ಲಿ ಎರಡು ಸಲ ಕೂರುತ್ತಾರೆ. ಪುಡಿಯಿಂದಲೇ ಅಂತ ಯಾವ ಡಾಕ್ಟ್ರೂ ಬರೆದುಕೊಟ್ಟಿಲ್ಲ, ಅಲ್ಲ ಅಂತಲೂ ಬರೆದುಕೊಟ್ಟಿಲ್ಲ. ಬೈರಾಸು ಸಣ್ಣ ಪುಡಿಯನ್ನು ತಡೆಯುವುದಿಲ್ಲ, ಹುಡುಗರೇ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಹಳೆ ಪೈಂಟಿಗೆ ಗ್ರೈಂಡರ್ ಹಿಡಿಯಬೇಡಿ. ವಾಟರ್ ಎಮರಿ ತಂದು ನೀರು ಹಾಕಿ ಉಜ್ಜಿ, ಕೂಡಲೇ ಒಣಗಿಸಿ ಪ್ರೈಮರ್ ಹಚ್ಚಿ. ಅಡಿಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಕಟ್ಟಿಡಿ, ತೋಡಿಗೆ ಗುಡಿಸಬೇಡಿ. ಅಂಗಿ ಬದಲಾಯಿಸಿ, ಕೈಮುಖ ತೊಳೆದು ಮನೆಯೊಳಗೆ ಹೋಗಿ. ಕೆಲಸ ಕೊಡುವವರು ಈ ಪೋಸ್ಟ್ ಓದುತ್ತಿದ್ದರೆ, ಮಾಸ್ಕಿನ ದುಡ್ಡು ನೀವು ಕೊಡಬೇಕಾದ್ದು. ಸಂಬಳದಲ್ಲಿ ಹಿಡಿಯುವಂಥದ್ದಲ್ಲ.

ಇನ್ನೊಂದು. ಪೈಂಟರ್ ಕೂಡ ಕಾನೂನಿನ ಪ್ರಕಾರ ಕಟ್ಟಡ ಕಾರ್ಮಿಕನೇ. ಮೊದಲು ಇದಕ್ಕಿದ್ದದ್ದು 1996ರ ಕಾಯ್ದೆ. 18ರಿಂದ 60 ವರ್ಷದೊಳಗಿದ್ದು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಅಪಘಾತ, ಚಿಕಿತ್ಸೆ, ಮಕ್ಕಳ ಓದು, 60ರ ನಂತರದ ಪಿಂಚಣಿ ಎಲ್ಲ ಅದರಲ್ಲಿ ಉಂಟು. ತಮ್ಮಲೆಗೆ ಕಾರ್ಡ್ ಆಗಲಿಲ್ಲ. ಇವತ್ತು ಒಂದು ಮನೆ, ನಾಳೆ ಇನ್ನೊಂದು, 90 ದಿನಕ್ಕೆ ಸಹಿ ಹಾಕುವವರು ಯಾರು? ಮೂರು ವರ್ಷ ಕೆಲಸ ಮಾಡಿಸಿದ ಗುತ್ತಿಗೆದಾರನೊಬ್ಬ "ಸಹಿ ಹಾಕಿದ್ರೆ ನನ್ನ ಮೇಲೆ ಬರ್ತದೆ" ಅಂದ. ಅಷ್ಟರಲ್ಲಿ 60 ದಾಟಿತು.

ಆದ್ದರಿಂದ ಇವತ್ತೇ ಹತ್ತು ರೂಪಾಯಿಯ ಒಂದು ಪುಸ್ತಕ ತೆಗೆದುಕೊಳ್ಳಿ. ತಾರೀಕು, ಯಾರ ಮನೆ, ಎಂತ ಕೆಲಸ, ಎಷ್ಟು ಕೂಲಿ, ಎಲ್ಲ ಬರೆಯಿರಿ. ಕೂಲಿ ತೆಗೆದುಕೊಳ್ಳುವಾಗಲೇ ಪಕ್ಕದಲ್ಲಿ ಸಹಿ ಕೇಳಿ, ಆಮೇಲೆ ಯಾರೂ ಹಾಕುವುದಿಲ್ಲ. ಈ ಭಾನುವಾರ ಬೆಳಗ್ಗೆ ಸಮುದಾಯ ಭವನದ ಗೇಟಿಗೆ ಪೈಂಟ್ ಮಾಡುವುದು ಉಂಟು, ಫಾರ್ಮ್ ತುಂಬಿಸಿಕೊಡಲು ನಾನೂ ಅಲ್ಲೇ ಇರುತ್ತೇನೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ತನ್ನಿ. ಸ್ಕ್ರೇಪರ್ ಇದ್ದವರು ಅದನ್ನೂ ತನ್ನಿ, ನಮ್ಮಲ್ಲಿ ಎರಡೇ ಇರುವುದು.

ಜೈ ಭೀಮ್.