ಕಣ್ಣು ಕುಕ್ಕುವ ಬಣ್ಣಕ್ಕೆ ಅನುಮಾನವೇಕೆ?

ಮಗ ಮೈಸೂರಿನಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದಾನೆ ಅಂದರೆ ನಮ್ಮ ಸಾಲಿಗ್ರಾಮದಲ್ಲಿ ‘ಫ್ಲೆಕ್ಸ್ ಮಾಡೋ ಕೆಲಸಾನಾ?’ ಎಂದು ಕೇಳುವವರೇ ಹೆಚ್ಚು. ನಗುತ್ತಾ ‘ಹೂಂ’ ಅಂದುಬಿಡುತ್ತೇನೆ. ಆದರೆ ಕಳೆದ ದಸರಾ ರಜೆಯಲ್ಲಿ ಎದುರಾದ ಪ್ರಶ್ನೆಗೆ ನಗು ಬರಲಿಲ್ಲ.

ಕಾಲೇಜಿಗೆಂದು ಮಾಡಿದ ಪೋಸ್ಟರೊಂದನ್ನು ಅವನು ನಡುಮನೆ ಗೋಡೆಗೆ ಅಂಟಿಸಿದ್ದ. ಕಿತ್ತಳೆ, ನೇರಳೆ, ಗಿಳಿಹಸಿರು ಬಣ್ಣ. ಹೊಗೆಯಂತೆ ಸುರುಳಿ ಸುತ್ತಿದ ಅಕ್ಷರ. ‘ಇದು ಸೈಕೆಡೆಲಿಕ್ ಶೈಲಿ’ ಎಂದ. ಮನೆಗೆ ಬಂದಿದ್ದ ನೆಂಟರೊಬ್ಬರು ಆ ಪದವನ್ನು ಮೊಬೈಲಿನಲ್ಲಿ ಹುಡುಕಿ, ನನ್ನನ್ನು ಹಿತ್ತಲಿಗೆ ಕರೆದು, ‘ಹುಡುಗ ಗಾಂಜಾ ಗೀಂಜಾ ಅಂತ ದಾರಿ ತಪ್ಪಿಲ್ಲ ತಾನೇ?’ ಅಂದರು. ಮಾತು ಯಜಮಾನರ ಕಿವಿಗೂ ಬಿತ್ತು. ‘ಮುಂದಿನ ಸೆಮಿಸ್ಟರ್ ಫೀಸು ಕಟ್ಟಲ್ಲ’ ಅಂದುಬಿಟ್ಟರು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ನಾನು ಮಗನನ್ನೇ ನೇರವಾಗಿ ಕೇಳಿದೆ. ‘ಇಲ್ಲಮ್ಮ’ ಅಂದ. ಸಿಟ್ಟಾಗದೆ ಕೂತು ವಿವರಿಸಿದ.

ಸೈಕೆಡೆಲಿಕ್ ಅನ್ನುವ ಪದವನ್ನು 1956ರಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಗ್ರೀಕ್ ಮೂಲದಿಂದ ಕಟ್ಟಿದರಂತೆ. ಮನಸ್ಸನ್ನು ಹೊರಗೆ ಕಾಣಿಸುವುದು ಅಂತ ಅರ್ಥ. ಎಲ್‌ಎಸ್‌ಡಿ ತರಹದ ಮಾದಕ ವಸ್ತುಗಳ ಜತೆಗೇ ಹುಟ್ಟಿದ ಪದ ಅದು, ಮುಚ್ಚಿಡುವುದೇನಿಲ್ಲ. 1966–67ರ ಸ್ಯಾನ್ ಫ್ರಾನ್ಸಿಸ್ಕೊದ ಸಂಗೀತ ಕಛೇರಿಗಳ ಪೋಸ್ಟರುಗಳಲ್ಲಿ ಆ ಶೈಲಿ ಬೆಳೆಯಿತು. ವೆಸ್ ವಿಲ್ಸನ್ ಅಕ್ಷರಗಳನ್ನು ಬೆಂಕಿಯ ನಾಲಿಗೆಯಂತೆ ಬಳುಕಿಸಿದ. ಇನ್ನೊಬ್ಬ ವಿಕ್ಟರ್ ಮೊಸ್ಕೊಸೊ, ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಆಲ್ಬರ್ಸ್ ಅವರ ಬಳಿ ಬಣ್ಣದ ಪಾಠ ಕಲಿತವನು. ಒಂದಕ್ಕೊಂದು ವಿರುದ್ಧವಾದ ಎರಡು ಬಣ್ಣಗಳನ್ನು ಒಂದೇ ಪ್ರಖರತೆಯಲ್ಲಿ ಪಕ್ಕಪಕ್ಕ ಇಟ್ಟರೆ, ಯಾವುದು ಮುಂದೆ ಯಾವುದು ಹಿಂದೆ ಎಂದು ಕಣ್ಣಿಗೆ ತಿಳಿಯದೆ ಅಂಚು ನಡುಗಿದಂತೆ ಕಾಣುತ್ತದೆ. ಕಲಾಶಾಲೆಯಲ್ಲಿ ಬೇಡ ಅನ್ನುತ್ತಿದ್ದ ಆ ನಡುಕವನ್ನೇ ಅವನು ಬೇಕೆಂದು ಬಳಸಿಕೊಂಡ. ಅಂದರೆ ಇದು ಮತ್ತಿನಲ್ಲಿ ಗೀಚಿದ್ದಲ್ಲ, ಲೆಕ್ಕ ಹಾಕಿ ಮಾಡುವ ಕೆಲಸ. ಛಾಯಾಗ್ರಾಹಕ ಕಾರ್ಲ್ ಫೆರಿಸ್ ಕೂಡ ಇನ್‌ಫ್ರಾರೆಡ್ ಫಿಲ್ಮ್ ಮತ್ತು ಮೀನಿನ ಕಣ್ಣಿನಂಥ ಲೆನ್ಸಿನಿಂದ ಅಂಥದೇ ಲೋಕ ತೋರಿಸಿದ.

ಇಷ್ಟಾದ ಮೇಲೆ ಮಗ ಇನ್ನೊಂದು ಚಿತ್ರ ತೋರಿಸಿದ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ 1967ರ ‘ಆಕ್ಸಿಸ್: ಬೋಲ್ಡ್ ಆ್ಯಸ್ ಲವ್’ ಆಲ್ಬಮ್ಮಿನ ಹೊದಿಕೆ. ನನಗೆ ಗಕ್ಕನೆ ಗುರುತು ಹತ್ತಿತು: ನಮ್ಮ ವಿಶ್ವರೂಪದ ಪಟ! ಭಾರತದಲ್ಲಿ ಅಚ್ಚಾಗುತ್ತಿದ್ದ ದೇವರ ಪಟವನ್ನೇ ಆಧರಿಸಿ, ನಡುವೆ ಹೆಂಡ್ರಿಕ್ಸ್ ಮತ್ತು ಅವನ ಇಬ್ಬರು ಸಂಗಡಿಗರ ಮುಖ ಬರೆದಿದ್ದಾರೆ. ಹೆಂಡ್ರಿಕ್ಸ್‌ಗೇ ಅದು ಅಷ್ಟು ಹಿಡಿಸಲಿಲ್ಲವಂತೆ. ತನ್ನ ವಂಶದ ಅಮೆರಿಕದ ಮೂಲನಿವಾಸಿಗಳ ಚಿತ್ರವಿದ್ದಿದ್ದರೆ ಸರಿಯಿತ್ತು ಅಂದನಂತೆ.

ಚುಂಚನಕಟ್ಟೆ ಜಾತ್ರೆಯಿಂದ ನಮ್ಮತ್ತೆ ತಂದ ವಿಶ್ವರೂಪದ ಪಟ ನಮ್ಮ ದೇವರ ಕೋಣೆಯಲ್ಲೇ ಇದೆ. ನೂರು ಮುಖ, ಬೆಂಕಿ, ನೀಲಿ, ಗುಲಾಬಿ. ಅದನ್ನು ನೋಡಿ ಯಾರೂ ನಮ್ಮತ್ತೆಯ ಬಗ್ಗೆ ಅನುಮಾನಪಟ್ಟಿಲ್ಲ! ಅತ್ತೆ ಆ ಮೊಬೈಲ್ ಚಿತ್ರ ನೋಡಿ, ‘ದೇವರ ಜಾಗದಲ್ಲಿ ಇವರ್‍ಯಾಕೆ ಕೂತವ್ರೆ?’ ಎಂದು ಬೈದರು. ಅದೂ ನ್ಯಾಯವೇ. ಮಗನೂ ‘ಅಜ್ಜಿ ಹೇಳೋದು ಸರಿ, ಇದನ್ನ ಕ್ಲಾಸಲ್ಲಿ ಚರ್ಚೆ ಮಾಡ್ತೀವಿ’ ಅಂದ.

ಮಾದಕ ವಸ್ತುಗಳ ಭಯ ಸುಳ್ಳಲ್ಲ. 1985ರ ಕಾಯ್ದೆಯಡಿ ಎಲ್‌ಎಸ್‌ಡಿ, ಗಾಂಜಾ ಇಟ್ಟುಕೊಳ್ಳುವುದೂ ಅಪರಾಧ. ತಾಯಂದಿರು ಎಚ್ಚರವಾಗಿರಲೇಬೇಕು. ಆದರೆ ನೋಡಬೇಕಾದ್ದು ಗೋಡೆಯನ್ನಲ್ಲ, ಮಕ್ಕಳನ್ನು. ನಿದ್ದೆ ಕೆಟ್ಟಿದೆಯೇ, ದುಡ್ಡು ಲೆಕ್ಕವಿಲ್ಲದೆ ಹೋಗುತ್ತಿದೆಯೇ, ಹಳೆಯ ಗೆಳೆಯರು ದೂರಾದರೇ, ಓದು ಥಟ್ಟನೆ ಕುಸಿಯಿತೇ? ಇವನ್ನೆಲ್ಲ ಗಮನಿಸಿ, ಹಿತ್ತಲಲ್ಲಿ ಪಿಸುಗುಟ್ಟದೆ ಎದುರಿಗೇ ಕೂರಿಸಿಕೊಂಡು ಕೇಳಿ.

ನಮ್ಮ ಯಜಮಾನರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪೋಸ್ಟರ್ ಮುಂದೆ ನಿಂತು, ‘ಇದರಲ್ಲಿ ಏನು ಬರೆದಿದೀಯೋ, ಓದೋಕೇ ಆಗ್ತಿಲ್ಲ’ ಅಂದರು. ಮಗ ಬೆರಳಿಟ್ಟು ಒಂದೊಂದೇ ಅಕ್ಷರ ತೋರಿಸಿದ. ಫೀಸು ಕಟ್ಟಿದ್ದಾಯಿತು. ನೆಂಟರು ಮಾತ್ರ ಇನ್ನೂ ಫೋನಿನಲ್ಲಿ ‘ಹುಡುಗ ಹೇಗಿದಾನೆ?’ ಎಂದು ಒಂಥರಾ ದನಿಯಲ್ಲಿ ಕೇಳುತ್ತಾರೆ. ‘ಚೆನ್ನಾಗಿದಾನೆ, ನಿಮ್ಮ ಮಗಳ ಮದುವೆ ಪತ್ರಿಕೆ ಅವನೇ ಮಾಡ್ಲಾ?’ ಅಂತ ನಾನೂ ಕೇಳುತ್ತೇನೆ.